ನಾಲ್ಕು ಮನೆಯ ಅಕ್ಷರ

ಕಂಪ್ಯೂಟರಿನ ಪಂಖದ ಜಾಲರಿಗೆ ಅಂಟಿದ್ದ ಧೂಳನ್ನು ಹಳೆಯ ಬಣ್ಣದ ಕುಂಚದಿಂದ ಕೆರೆದು ಕೆರೆದು ತೆಗೆಯುತ್ತಿದ್ದೆ. ವರ್ಷದ ಕೊನೆಯ ದೊಡ್ಡ ಶುಚಿಕಾರ್ಯ ನಮ್ಮಲ್ಲಿ ಹಿಂದಿನ ದಿನವೇ ಮುಗಿದಿತ್ತು. ಕುರ್ಚಿಗಳನ್ನು ಮೇಜುಗಳ ಮೇಲೆ ಮಗುಚಿಟ್ಟು, ಗೇಟಿಗೆ ಹೊಸ ವರ್ಷದ ಶುಭಕ್ಕೆಂದು ಹುಲ್ಲುಹಗ್ಗ ಕಟ್ಟಿ ಎಲ್ಲರೂ ಮನೆ ಸೇರಿದ್ದರು. ಕೈತೊಳೆಯುವ ತೊಟ್ಟಿಯ ಪಕ್ಕದ ಕಪಾಟಿನಲ್ಲಿರುವ ಈ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ನಿಂತರೆ ಹೊಣೆ ತಮ್ಮ ತಲೆಗೆ ಬರುತ್ತದೆಂದು ಎಲ್ಲರಿಗೂ ಅಂಜಿಕೆ.

ನಮ್ಮದು ದೋಣಿ ದುರಸ್ತಿಯ ಸಣ್ಣ ಕಾರ್ಖಾನೆ. ದ್ವೀಪಗಳ ನಡುವೆ ಜನರನ್ನು ಹೊತ್ತು ಓಡಾಡುವ ದೊಡ್ಡ ದೋಣಿಗಳು ವರ್ಷಕ್ಕೊಮ್ಮೆ ಇಲ್ಲಿ ದಡ ಹತ್ತಿ, ತಳ ಕೆರೆಸಿಕೊಂಡು, ಬಣ್ಣ ಬಳಿಸಿಕೊಂಡು ನೀರಿಗೆ ಇಳಿಯುತ್ತವೆ. ಯಾವ ದೋಣಿಗೆ ಯಾವ ಕೆಲಸ, ಅದು ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು ಎನ್ನುವುದೆಲ್ಲ ಈ ಕಂಪ್ಯೂಟರಿನೊಳಗಿನ ‘ಕೆಲಸದ ಹಲಗೆ’ಯಲ್ಲಿ ಇರುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯ ಕೆಳಗೆ ಟಿಪ್ಪಣಿ ಬರೆದರೆ ಸಾಕು, ಅದಕ್ಕೆ ಸಂಬಂಧಪಟ್ಟವರಿಗೆಲ್ಲ ಹಲಗೆಯೇ ಇ-ಮೇಲ್ ಅಂಚೆ ಕಳಿಸುತ್ತದೆ. ಹೊರಗಿನ ಕಂಪನಿಗೆ ಬಾಡಿಗೆ ಕೊಟ್ಟು ಇಟ್ಟುಕೊಂಡದ್ದಲ್ಲ. ನಮ್ಮದೇ, ನಮ್ಮ ತೊಟ್ಟಿಯ ಪಕ್ಕದಲ್ಲೇ ಇರುವುದು. ಅದನ್ನು ಕೂರಿಸಿದವರು ಸೆನೊ ಅವರು.

ಸೆನೊ ಅವರ ಮೇಜು ನನ್ನ ಮೇಜಿನ ಬೆನ್ನಿಗಿತ್ತು. ಅವರು ಕುರ್ಚಿ ಹಿಂದೆ ಸರಿಸಿದರೆ ನನ್ನ ಕುರ್ಚಿಗೆ ತಾಕುತ್ತಿತ್ತು. ಆದರೂ ನಾವು ಬಾಯಿಬಿಟ್ಟು ಮಾತಾಡಿದ್ದು ಕಡಿಮೆ. ಅವರಿಗೆ ಮಾತು ಒಗ್ಗುತ್ತಿರಲಿಲ್ಲ. ನಾನು ತಡವಾಗಿ, ನಲವತ್ತು ದಾಟಿದ ಮೇಲೆ, ಹಿರೋಶಿಮಾದ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಯಾರಾದರೂ ನನಗೆಂದು ಬರೆದರೆ ಓದುವುದೇ ನನಗೊಂದು ಸುಖ. ಹಾಗಾಗಿ ಒಂದು ಮಾರು ದೂರದಲ್ಲಿ ಕುಳಿತವರು ಹಲಗೆಯ ಮೇಲೆ ಬರೆಯುತ್ತಿದ್ದರು, ನಾನು ಹಲಗೆಯ ಮೇಲೆ ಉತ್ತರ ಕೊಡುತ್ತಿದ್ದೆ. ನಿವೃತ್ತಿಯಾದ ಮೇಲೆ ಅವರು ಉತ್ತರದ ಅಓಮೊರಿಗೆ, ತಮ್ಮ ಅಕ್ಕನ ಮನೆಗೆ ಹೋದರು. ಅವರ ಮೇಜಿನ ಮೇಲೆ ಈಗ ಮುದ್ರಣಯಂತ್ರ ಕೂತಿದೆ.

ಫೋನು ಹೊಡೆದುಕೊಂಡಿತು. ಒಕಾಯಾಮಾದಿಂದ ತೊಕುಎ. ಹಲಗೆಯ ಹಳೆಯ ಆವೃತ್ತಿಗೆ ದೋಷ ಮುಚ್ಚುವ ತೇಪೆ ಇನ್ನು ಸಿಗುವುದಿಲ್ಲವೆಂದು ಗೊತ್ತಾದ ಮೇಲೆ, ಹೊಸದಕ್ಕೆ ಏರಿಸಲು ನಮ್ಮ ಯಜಮಾನರು ಗೊತ್ತುಮಾಡಿದ್ದ ಹೆಂಗಸು. ಅವಳು ಅಲ್ಲಿ ಕೂತೇ ಕೆಲಸ ಮಾಡುವವಳು. ಇಲ್ಲಿ ನೋಡಿ ಹೇಳಲು ನಾನು.

"ಯೋಶಿದೊಮೆಸಾನ್, ಶುರು ಮಾಡೋಕೆ ಮುಂಚೆ ಒಂದು ಮಾತು. ಅಂಚೆ ನಿಲ್ಲಿಸಿದ್ದೀರಾ?"

"ನಿಲ್ಲಿಸಿದೀನಮ್ಮ. ನೋಡಿದೀನಿ."

"ಇನ್ನೊಂದ್ಸಲ ನೋಡಿಬಿಡಿ. ಹಬ್ಬದ ಹೊತ್ತಲ್ಲಿ ನಂಗೆ ಯಾರ ಹತ್ರಾನೂ ಬೈಸ್ಕೊಳ್ಳೋ ಆಸೆ ಇಲ್ಲ."

ಅವಳ ಎಚ್ಚರಿಕೆಗೆ ಕಾರಣವಿತ್ತು. ಬಹಳ ಹಿಂದೆ ಸೆನೊ ಅವರು ಹಲಗೆಯ ನಕಲು ಮಾಡಿ, ಆ ನಕಲಿನ ಮೇಲೆ ತಾಲೀಮು ನಡೆಸಿದಾಗ ಅಂಚೆ ನಿಲ್ಲಿಸುವುದನ್ನು ಮರೆತಿದ್ದರು. ನಕಲಿಗೆ ತಾನು ನಕಲೆಂದು ಗೊತ್ತೇ? ಪಿತೃಗಳ ಹಬ್ಬದ ನಡುವೆ ದೋಣಿ ನಡೆಸುವ ಎಲ್ಲ ನಾಯಕರಿಗೂ ‘ನಿಮ್ಮ ದೋಣಿ ದಡ ಹತ್ತುವ ದಿನ ಮೀರಿದೆ’ ಎಂದು ಕಾಗದ ಹೋಯಿತು. ಒಬ್ಬ ಮುದುಕ ನಾಯಕ ನಿಜವಾಗಿಯೂ ದೋಣಿ ತಂದು, ಬೀಗ ಹಾಕಿದ ಕಾರ್ಖಾನೆಯ ಮುಂದೆ ನಿಂತು ಕಹಳೆ ಊದಿದ. ಆಮೇಲೆ ಸೆನೊ ಅವರು ಕಟ್ಟಿದ ನಿಯಮ ಇದು: ಮೊದಲು ಎಲ್ಲದರ ಪ್ರತಿ ತೆಗೆದು ಬೇರೆ ಕಡೆ ಇಡು, ಆಮೇಲೆ ಅಂಚೆ ನಿಲ್ಲಿಸು, ನಕಲಿನ ಮೇಲೆ ತಾಲೀಮು ಮಾಡು, ತಾಲೀಮನ್ನು ಮನುಷ್ಯರ ಕಣ್ಣಿಂದ ನೋಡು, ಆಮೇಲಷ್ಟೇ ನಿಜವಾದದ್ದನ್ನು ಮುಟ್ಟು.

ಯಜಮಾನರಾದ ಕಾಶಿಹಾರಾ ಕಾಲಲ್ಲಿ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಕಿತ್ತಳೆಯ ಚೀಲ.

"ಏನಜ್ಜಿ, ಇನ್ನೂ ಧೂಳೇ ಹೊಡೀತಿದ್ದೀರಾ? ಅದಕ್ಕೆ ಸ್ನಾನ ಮಾಡಿಸಿ ಹಬ್ಬದ ಉಡುಗೆ ತೊಡಿಸಿಬಿಡಿ."

"ನೀವು ಬಣ್ಣ ಬಳಿಯೋಕೆ ಮುಂಚೆ ತಳ ಕೆರೆಸಲ್ವಾ? ಇದೂ ಹಾಗೇ."

ಅವರು ನಕ್ಕು ಸೀಮೆಎಣ್ಣೆ ಒಲೆಯ ಮುಂದೆ ಕೂತು ಕಿತ್ತಳೆ ಸುಲಿದರು. ತೊಕುಎ ಅಲ್ಲಿ ಏನೇನೋ ಒತ್ತುವ ಸದ್ದು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ ಫೋನಿನಲ್ಲಿ ಕೇಳುತ್ತಿತ್ತು. ಒಲೆಯ ಮೇಲಿನ ಕೆಟಲು ಕುದಿಯತೊಡಗುವ ಹೊತ್ತಿಗೆ ಅವಳು ಹೇಳಿದಳು:

"ತಾಲೀಮು ಮುಗೀತು. ಒಂದು ತಕರಾರೂ ಬಂದಿಲ್ಲ. ಚೀಟಿಗಳ ಲೆಕ್ಕ ಅಲ್ಲಿಗೂ ಇಲ್ಲಿಗೂ ಸರಿಯಾಗಿದೆ. ನೀವೊಂದು ಕಣ್ಣು ಹಾಯ್ಸಿ."

"ಹಾಗಾದ್ರೆ ಆಯ್ತಲ್ಲ," ಎಂದರು ಯಜಮಾನರು. "ನಿಜವಾದ್ದನ್ನೂ ಏರಿಸಿಬಿಡಿ. ನಾನು ಮಧ್ಯಾಹ್ನದ ದೋಣಿ ಹಿಡೀಬೇಕು, ಮಾವನ ಮನೇಲಿ ಕಾಯ್ತಾ ಇರ್ತಾರೆ."

ನಾನು ನಕಲನ್ನು ತೆರೆದೆ. ಹೊಸ ಹಲಗೆಯ ಬಣ್ಣ ತಿಳಿಯಾಗಿತ್ತು, ಅಕ್ಷರ ದುಂಡಾಗಿತ್ತು. ಮೊದಲು ನೋಡಿದ್ದು ಒಂದು ಹಳೆಯ ದೋಣಿಯ ಬಣ್ಣದ ಚೀಟಿ. ಬಣ್ಣದವನ ಟಿಪ್ಪಣಿ ಇತ್ತು, ಯಜಮಾನರ ಟಿಪ್ಪಣಿ ಇತ್ತು. ಅವುಗಳ ನಡುವೆ ಸೆನೊ ಅವರ ಹೆಸರಿತ್ತು. ಹೆಸರಿನ ಕೆಳಗೆ ಏನೂ ಇರಲಿಲ್ಲ.

ಅಲ್ಲಿ ಏನಿರಬೇಕಿತ್ತೆಂದು ನನಗೆ ಬಾಯಿಪಾಠ. "ಯೋಶಿದೊಮೆಸಾನ್, ದಣಿದಿದ್ದೀರಿ. ಬಣ್ಣ ಇಂದು ಒಣಗುವುದಿಲ್ಲ. ನೀವು ಮರೆತ ಕೊಡೆ ನನ್ನ ಮೇಜಿನ ಕೆಳಗಿದೆ." ದಣಿದಿದ್ದೀರಿ ಎನ್ನುವುದು ನಮ್ಮಲ್ಲಿ ಜೊತೆಗೆ ಕೆಲಸ ಮಾಡುವವರು ಒಬ್ಬರಿಗೊಬ್ಬರು ಹೇಳುವ ನಮಸ್ಕಾರ.

ಮತ್ತೊಂದು ಚೀಟಿ ತೆರೆದೆ. ಅಲ್ಲಿಯೂ ಅವರ ಹೆಸರು, ಕೆಳಗೆ ಬಯಲು. ಮೂರನೆಯದು ಯಜಮಾನರಿಗೆ ಬರೆದದ್ದು, ಅದರಲ್ಲಿ ಒಂದಿಷ್ಟು ಉಳಿದಿತ್ತು: "ಕಾಶಿಹಾರಾಸಾನ್, ದಣಿದಿದ್ದೀರಿ. ಬೋಲ್ಟುಗಳು ಬಂದಿವೆ, ಎಣಿಸಿದವರು". ಅಷ್ಟೇ. ಎಣಿಸಿದವಳು ನಾನು. ನನ್ನ ಹೆಸರು ಬರಬೇಕಾದ ಜಾಗದಿಂದ ಮುಂದಕ್ಕೆ ಕತ್ತರಿ ಹಾಕಿದಂತೆ ಎಲ್ಲ ಹೋಗಿತ್ತು.

"ತೊಕುಎಸಾನ್," ಎಂದೆ, "ಸೆನೊ ಅವರ ಮಾತು ಬಂದಿಲ್ಲ."

"ಯಾವ ಚೀಟೀಲಿ?"

"ನನ್ನ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ."

"ಬೇರೆಯವರೂ ನಿಮ್ಮ ಹೆಸರು ಬರೆದಿರ್ತಾರಲ್ಲ. ಅವರದ್ದು?"

ನೋಡಿದೆ. ಅವರದೆಲ್ಲ ಸರಿಯಾಗಿ ಬಂದಿತ್ತು. ಆಗ ನನಗೆ ಹೊಳೆಯಿತು.

ಯೋಶಿದೊಮೆ ಎನ್ನುವ ನನ್ನ ಮನೆತನದ ಹೆಸರಿನ ಮೊದಲ ಚಿತ್ರಾಕ್ಷರಕ್ಕೆ ತಲೆಯಲ್ಲಿ ಎರಡು ಅಡ್ಡಗೆರೆ. ಎಲ್ಲರೂ ಬರೆಯುವ ಅಕ್ಷರದಲ್ಲಿ ಮೇಲಿನ ಗೆರೆ ಉದ್ದ, ಕೆಳಗಿನದು ಚಿಕ್ಕದು. ನಮ್ಮ ಮನೆಯವರದ್ದು ತಿರುಗಾಮುರುಗ: ಮೇಲಿನದು ಚಿಕ್ಕದು, ಕೆಳಗಿನದು ಉದ್ದ. ರಾತ್ರಿ ಶಾಲೆಯ ಮೇಷ್ಟರು ಮೊದಲ ದಿನ ನನ್ನ ಕೈಹಿಡಿದು ಬರೆಸಿದ್ದು ಅದನ್ನೇ. ಆದರೆ ಬ್ಯಾಂಕಿನವರು, ದವಾಖಾನೆಯವರು, ಕಾರ್ಖಾನೆಯವರು ಯಾರೂ ಅದನ್ನು ಒತ್ತಲು ಹೋಗುವುದಿಲ್ಲ. ಕೀಲಿಮಣೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಓದಲು ಎರಡೂ ಒಂದೇ. ನಾನೂ ಯಾರನ್ನೂ ತಿದ್ದಿದವಳಲ್ಲ. ಸೆನೊ ಅವರೊಬ್ಬರು ಮಾತ್ರ, ಮೊದಲ ಟಿಪ್ಪಣಿಯಿಂದ ಕೊನೆಯದರವರೆಗೆ, ಹುಡುಕಿ ಆ ಅಕ್ಷರವನ್ನೇ ಒತ್ತಿದರು. ಅದಕ್ಕೇ ಅವರೊಬ್ಬರ ಮಾತು ಮಾತ್ರ ಅಳಿಸಿಹೋಗಿತ್ತು.

ತೊಕುಎಗೆ ಹೇಳಿದೆ. ಅವಳು "ಇದರ ಬಗ್ಗೆ ಸೆನೊಸಾನ್ ಏನಾದ್ರೂ ಬರೆದಿಟ್ಟಿದ್ದಾರಾ ನೋಡಿ" ಎಂದಳು. ಹಳೆಯ ಹಲಗೆ ಇನ್ನೂ ಓಡುತ್ತಿತ್ತು. ಅದರಲ್ಲಿ ಹುಡುಕಿ ಓದಿದೆ:

"ಯೋಶಿದೊಮೆಸಾನ್, ದಣಿದಿದ್ದೀರಿ. ಹಲಗೆಯ ಉಗ್ರಾಣದಲ್ಲಿ ಮಾಮೂಲಿ ಅಕ್ಷರಕ್ಕೆ ಮೂರು ಮನೆ ಸಾಕು. ನಿಮ್ಮ ಹೆಸರಿನ ಅಕ್ಷರಕ್ಕೆ ನಾಲ್ಕು ಬೇಕು. ಮೂರು ಮನೆಯ ಗೂಡಿಗೆ ಅದನ್ನು ತುರುಕಿದರೆ ಅದೂ, ಅದರ ಹಿಂದೆ ಬಂದದ್ದೂ ಬಿದ್ದುಹೋಗುತ್ತದೆ. ಇಂದು ಗೂಡುಗಳನ್ನೆಲ್ಲ ನಾಲ್ಕು ಮನೆಗೆ ಅಗಲಿಸಿದ್ದೇನೆ. ಮುಂದೆ ಹಲಗೆ ಬದಲಿಸುವವರು ಯಾರೇ ಬಂದರೂ ಅವರು ಇದನ್ನು ಓದಲಿ."

ಫೋನಿನಲ್ಲಿ ತೊಕುಎ ನಕ್ಕಳು, ಕುಹಕದ ನಗುವಲ್ಲ.

"ನಾನು ತಾಲೀಮಿಗೆ ಮುಂಚೆ ಈ ಚೀಟಿ ತೆಗೆದಿದ್ದೆ ಯೋಶಿದೊಮೆಸಾನ್. ನಾನು ಹಳೇದನ್ನ ಮೂರು ಮನೆಯ ಗೂಡಿಗೇ ಸುರಿದುಕೊಂಡಿದ್ದೆ, ಆ ಪ್ರತೀಲಿ ಇದು ಖಾಲಿ ಇತ್ತು. ಎಚ್ಚರಿಕೆ ಏನೋ ಬರೆದಿದ್ದಾರೆ, ಆದ್ರೆ ಮರ್ಯಾದೆಯಾಗಿ ನಿಮ್ಮ ಹೆಸರಿಂದ ಶುರು ಮಾಡಿದ್ದಾರೆ. ಎಲ್ಲಕ್ಕಿಂತ ಮೊದಲು ಆ ಎಚ್ಚರಿಕೇನೇ ಬಿದ್ದುಹೋಗಿದೆ."

ಹೆಸರು ಹಿಡಿದು ಕರೆಯದೆ, ದಣಿದಿದ್ದೀರಿ ಎನ್ನದೆ ಸೆನೊ ಅವರು ಬೆಂಕಿ ಬಿದ್ದರೂ ಬಾಯಿ ತೆರೆಯುತ್ತಿರಲಿಲ್ಲ. ಅವರ ಸ್ವಭಾವವೇ ಹಾಗೆ.

"ಈಗೇನು ದಾರಿ?" ಯಜಮಾನರು ಸಿಪ್ಪೆಯನ್ನು ಒಲೆಯ ಮೇಲಿಟ್ಟು ಕೇಳಿದರು.

"ಎರಡಿದೆ," ಎಂದಳು ತೊಕುಎ. "ಹಳೆಯದರಲ್ಲಿ ಆ ಅಕ್ಷರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮಾಮೂಲಿ ಅಕ್ಷರ ಹಾಕಿಬಿಡೋದು. ಬೇಗ ಆಗುತ್ತೆ, ಅಪಾಯಾನೂ ಇಲ್ಲ. ಇಲ್ಲಾಂದ್ರೆ ನಾನು ಗೂಡು ಅಗಲ ಮಾಡಿ ಮೊದಲಿಂದ ಸುರೀಬೇಕು. ಸಂಜೆ ಆಗುತ್ತೆ. ನಡುವೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಈ ರಜೆ ಒಳಗೆ ಮುಗಿಯೋದು ಕಷ್ಟ."

"ಸಿಕ್ಕಿಹಾಕ್ಕೊಂಡ್ರೆ ಹಳೇದನ್ನ ಬಿಟ್ಟು ಖಾಲಿ ಹಲಗೆ ಹಾಕಿ," ಎಂದರು ಯಜಮಾನರು. "ಹೊಸ ವರ್ಷ, ಹೊಸ ಹಲಗೆ. ಹಳೆ ಚೀಟಿ ಯಾರು ಓದ್ತಾರೆ?" ಆಮೇಲೆ ನನ್ನ ಕಡೆ ತಿರುಗಿದರು. "ಅಜ್ಜಿ, ಮಾಮೂಲಿ ಅಕ್ಷರಾನೇ ಹಾಕಿಸಿಬಿಡೋಣ. ಓದೋಕೆ ಒಂದೇ ತಾನೆ? ನೀವೇ ನಮ್ಮನ್ಯಾರನ್ನೂ ಯಾವತ್ತೂ ತಿದ್ದಿಲ್ಲ."

"ತಿದ್ದಿಲ್ಲ. ನಿಜ."

"ಮತ್ತೆ?"

"ಅದು ಅವರು ಒತ್ತಿದ್ದು. ಅವರು ಒತ್ತಿದ್ದನ್ನ ನಾನು ಯಾಕೆ ಬದಲಾಯಿಸಲಿ?"

ಅವರು ನನ್ನ ಮುಖ ನೋಡಿದರು, ಮುದ್ರಣಯಂತ್ರ ಕೂತ ಮೇಜನ್ನು ನೋಡಿದರು. ಏನೋ ತಮಾಷೆ ಮಾಡಲು ಹೊರಟವರು ಬಿಟ್ಟರು.

"ನಿಮ್ಮ ಹೆಸರು, ನಿಮ್ಮಿಷ್ಟ. ಆದ್ರೆ ಕೂತು ಕಾಯೋರು ನೀವೇ. ನಾನು ಹೊರಟೆ." ಕಿತ್ತಳೆಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. "ಒಲೆ ಆರಿಸೋದು ಮರೀಬೇಡಿ."

ಆಮೇಲೆ ನಾನೊಬ್ಬಳೇ ಉಳಿದೆ. ತೊಕುಎ ಫೋನು ಇಟ್ಟು ಕೆಲಸಕ್ಕೆ ಕೂತಿದ್ದಳು, ಕರೆಯುತ್ತೇನೆ ಎಂದಿದ್ದಳು. ಹೊರಗೆ ದಡ ಹತ್ತಿದ ಒಂದೇ ಒಂದು ದೋಣಿ ಅರ್ಧ ಬಣ್ಣದಲ್ಲಿ ನಿಂತಿತ್ತು. ಯಜಮಾನರ ದೋಣಿ ಕೊಲ್ಲಿ ದಾಟಿ ಹೋಗುವುದು ಕಿಟಕಿಯಲ್ಲಿ ಕಂಡಿತು. ಕಪಾಟಿನಲ್ಲಿ ಪಂಖ ಒಂದೇ ಸಮನೆ ತಿರುಗುತ್ತಿತ್ತು. ನಾನು ಮಗುಚಿಟ್ಟಿದ್ದ ಕುರ್ಚಿಗಳಲ್ಲಿ ಒಂದನ್ನು ಇಳಿಸಿ, ನನ್ನ ಬೆನ್ನಿಗೆ, ಹಿಂದೆ ಸೆನೊ ಅವರ ಕುರ್ಚಿ ಇದ್ದ ಜಾಗದಲ್ಲಿ ಇಟ್ಟು ನೋಡಿದೆ. ನನ್ನದನ್ನು ಹಿಂದೆ ಸರಿಸಿದಾಗ ತಾಕಿತು. ಮತ್ತೆ ಎತ್ತಿ ಮೇಜಿನ ಮೇಲೆ ಮಗುಚಿಟ್ಟೆ.

ಅವರು ಹೋದ ಮೇಲೆ ಹೊಸ ವರ್ಷಕ್ಕೆ ಅವರಿಂದ ಕಾರ್ಡು ಬರುತ್ತಿತ್ತು, ವಿಳಾಸದಲ್ಲಿ ನನ್ನ ಅಕ್ಷರ ಸರಿಯಾಗಿ ಇರುತ್ತಿತ್ತು. ನಾನೂ ಕಾರ್ಡು ಹಾಕುತ್ತಿದ್ದೆ. ಎಲ್ಲರೂ ಹಾಕುವ ಅಚ್ಚಿನ ಕಾರ್ಡು. ಕಾಗದ ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ನಿಂತುಬಿಡುತ್ತಿದ್ದೆ. ಒಂದು ಕಾರಣ ಬೇಕಲ್ಲ. ಹೋದ ವರ್ಷ ಅವರ ಕಾರ್ಡು ಬರಲಿಲ್ಲ. ಸಾವಿನ ಸುದ್ದಿಯ ಬೂದು ಅಂಚಿನ ಕಾರ್ಡೂ ಬರಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಫೋನು ಬಂತು.

"ನೋಡಿ," ಎಂದಳು ತೊಕುಎ. ಅವಳ ದನಿಯೂ ಸೋತಿತ್ತು.

ಬಣ್ಣದ ಚೀಟಿ ತೆರೆದೆ. ಕೊಡೆ ಮೇಜಿನ ಕೆಳಗಿತ್ತು. ಬೋಲ್ಟು ಎಣಿಸಿದವಳು ನಾನೇ ಆಗಿದ್ದೆ. ಮೇಲಿನ ಗೆರೆ ಚಿಕ್ಕದು, ಕೆಳಗಿನದು ಉದ್ದ. ಒಂದೊಂದೇ ಚೀಟಿ ತೆರೆದು ನೋಡುತ್ತ ಹೋದೆ, ತೊಕುಎ ಬೇಸರಿಸದೆ ಕಾದಳು.

"ಬಂದಿದೆಯಮ್ಮ. ಎಲ್ಲಾ ಬಂದಿದೆ."

"ಹಾಗಾದ್ರೆ ಇದನ್ನೇ ನಿಜವಾದ್ದು ಮಾಡ್ತೀನಿ. ಹಳೇದರ ಪ್ರತಿ ಹಾಗೇ ಇರ್ಲಿ, ತೆಗೀಬೇಡಿ." ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಕೊನೆಯದಾಗಿ ಒಂದು. ಕೆಲಸ ಬಿಟ್ಟುಹೋದವರ ಹೆಸರಿಗೆ ಬೀಗ ಹಾಕೋದು ರೂಢಿ. ಬೀಗ ಬಿದ್ದವರಿಗೆ ಹಲಗೆ ಅಂಚೆ ಕಳಿಸೋಲ್ಲ. ಸೆನೊಸಾನ್‌ಗೆ ಹಾಕಲಾ?"

"ಇವತ್ತು ಬೇಡ."

"ಸರಿ. ಅಂಚೆ ಬಿಟ್ಟಿದ್ದೀನಿ. ಇನ್ನು ಒತ್ತಿದ್ದೆಲ್ಲ ನಿಜವಾಗ್ಲೂ ಹೋಗುತ್ತೆ, ಹುಷಾರು. ಒಳ್ಳೇ ವರ್ಷ ಬರ್ಲಿ ಯೋಶಿದೊಮೆಸಾನ್."

"ನಿಮಗೂ ಅಮ್ಮ. ದಣಿದಿದ್ದೀರಿ."

ಹಲಗೆಯ ಮೇಲೆ ಮುಗಿಯದೆ ಉಳಿದ ಒಂದು ಚೀಟಿ ಇತ್ತು. ಸೆನೊ ಅವರು ಹೊರಡುವ ದಿನ ನನ್ನ ಹೆಸರಿಗೆ ಬರೆದದ್ದು. ಶೀರ್ಷಿಕೆ: ಮುಂದಿನ ಆವೃತ್ತಿಗೆ ಏರಿಸುವುದು. ಕೆಳಗೆ: "ಯೋಶಿದೊಮೆಸಾನ್, ದಣಿದಿದ್ದೀರಿ. ನಾನು ಇಲ್ಲದಾಗ ಇದನ್ನು ಮಾಡಬೇಕಾಗಿ ಬರುತ್ತದೆ. ಅವಸರ ಬೇಡ. ಮುಗಿದ ಮೇಲೆ ಒಂದು ಮಾತು ಬರೆಯಿರಿ, ನನಗೆ ತಲುಪುತ್ತದೆ." ಯಜಮಾನರು ಈ ಕೆಲಸವನ್ನು ವರ್ಷದಿಂದ ವರ್ಷಕ್ಕೆ ತಳ್ಳಿಕೊಂಡು ಬಂದಿದ್ದರು. ಚೀಟಿ ಅಲ್ಲೇ ಕೂತಿತ್ತು.

ನಾನು ಅದರ ಕೆಳಗೆ ಬರೆಯತೊಡಗಿದೆ. ನನ್ನ ಬೆರಳು ನಿಧಾನ.

"ಸೆನೊಸಾನ್, ದಣಿದಿದ್ದೀರಿ. ಇಂದು ಹಲಗೆ ಏರಿಸಿದೆವು. ಮೊದಲ ತಾಲೀಮಿನಲ್ಲಿ ನಿಮ್ಮ ಮಾತುಗಳು ಬಿದ್ದುಹೋಗಿದ್ದವು, ಎರಡನೆಯದರಲ್ಲಿ ಎಲ್ಲವೂ ಬಂದವು. ಯಾವ ನಾಯಕನಿಗೂ ಅಂಚೆ ಹೋಗಿಲ್ಲ. ನಿಮ್ಮ ಮೇಜಿನ ಮೇಲೆ ಮುದ್ರಣಯಂತ್ರ ಇಟ್ಟಿದ್ದಾರೆ, ಅದರ ಸದ್ದು ಜೋರು. ಇಲ್ಲಿ ಕಿತ್ತಳೆ ಈ ವರ್ಷ ಸಿಹಿಯಾಗಿದೆ. ನಿಮ್ಮಲ್ಲಿ ಹಿಮ ಎಷ್ಟಿದೆ? ನೀವು ಚೆನ್ನಾಗಿದ್ದೀರಾ?"

ಕೊನೆಯ ಎರಡು ಸಾಲು ಕೆಲಸದ ಹಲಗೆಗೆ ಸೇರಿದವಲ್ಲ. ಹೊಸ ವರ್ಷ ಕಳೆದು ಎಲ್ಲರೂ ಬಂದಾಗ ಯಾರು ಬೇಕಾದರೂ ಓದಬಹುದು. ಅಳಿಸಲು ಕೈ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಬಿಟ್ಟೆ.

ಕೆಳಗೆ ಹೆಸರು ಹಾಕಬೇಕಿತ್ತು. ನನ್ನ ಕೀಲಿಮಣೆಗೆ ಸೆನೊ ಅವರು ಹಿಂದೆಯೇ ಒಂದು ಅಭ್ಯಾಸ ಕಲಿಸಿಟ್ಟಿದ್ದರು: ‘ಮಣ್ಣು’ ಎಂದು ಒತ್ತಿದರೆ ನನ್ನ ಅಕ್ಷರ ಬರುತ್ತದೆ, ಅದರ ತಲೆಯ ಮೇಲಿರುವುದು ಮಣ್ಣಿನ ಗುರುತಾದ್ದರಿಂದ. ನಾನು ಅದನ್ನು ಎಂದೂ ಬಳಸಿರಲಿಲ್ಲ. ಎಲ್ಲರಂತೆ ಮಾಮೂಲಿಯದನ್ನೇ ಒತ್ತುತ್ತಿದ್ದೆ. ಮಣ್ಣು ಎಂದು ಒತ್ತಿದೆ. ಬಂತು.

ಚೀಟಿಯನ್ನು ‘ಮುಗಿದಿದೆ’ ಎಂದು ಗುರುತು ಮಾಡಿ, ಒಲೆ ಆರಿಸಿ ಬಂದು, ನಿಂತುಕೊಂಡೇ ಕಳಿಸುವ ಗುಂಡಿ ಒತ್ತಿದೆ.