ಹೊರಗಿಟ್ಟ ಡಿಸ್ಕ್

ಈ ಕಥೆಯನ್ನು ಹೆಣದಿಂದ ಶುರುಮಾಡಲೋ, ಪೊರಕೆಯಿಂದಲೋ? ಹೆಣದಿಂದ ಶುರುಮಾಡಿದರೆ ನೀವು ಇದನ್ನು ಪತ್ತೇದಾರಿ ಕಥೆ ಎಂದುಕೊಂಡು ಕೊನೆಗೆ ಕೊಲೆಗಾರನನ್ನು ಕೇಳುತ್ತೀರಿ. ನನ್ನ ಬಳಿ ಕೊಲೆಗಾರನಿಲ್ಲ. ಕೊಲೆ ಆಗಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಪೊರಕೆಯಿಂದ ಶುರುಮಾಡಿದರೆ ನಗುತ್ತೀರಿ. ನಗಿ, ಪರವಾಗಿಲ್ಲ. ಆಮೇಲೆ ನಗಲು ಹೆಚ್ಚೇನೂ ಸಿಗುವುದಿಲ್ಲ.

೧

2005ರ ಯುಗಾದಿಗೆ ನಾಲ್ಕು ದಿನ ಇತ್ತು. ಹಿರಿಯೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಹನುಮೇಶನ ಹೆಂಡತಿ ಚಂದ್ರಕ್ಕ ಹಬ್ಬಕ್ಕೆಂದು ಮನೆ ತೊಳೆಯುತ್ತಿದ್ದಳು. ಬಚ್ಚಲ ಹೊರಗೋಡೆಯ ಗೂಡಿನಲ್ಲಿ ಅಂಗೈಯಗಲದ ಕಬ್ಬಿಣದ ಡಬ್ಬಿಯೊಂದಿತ್ತು. ಕೈಯಿಂದ ಮುಟ್ಟಬಾರದೆಂದು ಅದನ್ನು ಪೊರಕೆಯ ಹಿಡಿಯಿಂದ ಪಕ್ಕಕ್ಕೆ ತಳ್ಳಿದಳು. ಅದು ಜಾರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು.

ಅದು ಹಾರ್ಡ್ ಡಿಸ್ಕ್. ಬಚ್ಚಲ ಗೂಡಿಗೆ ಬಂದದ್ದು ಹೀಗೆ: ಹನುಮೇಶ ಮದುವೆ ಫೋಟೋ ತೆಗೆಯುತ್ತಿದ್ದ. ಗುರುತಿಲ್ಲದ ಹೆಣ ಸಿಕ್ಕರೆ ಪೊಲೀಸರು ಕರೆಸುತ್ತಿದ್ದದ್ದೂ ಅವನನ್ನೇ. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಚಂದ್ರಕ್ಕ ಒಂದು ದಿನ, ಮದುಮಗಳೂ ಹೆಣವೂ ಒಂದೇ ಡಬ್ಬಿಯಲ್ಲಿ ಇರುತ್ತಾರಾ ಎಂದು ಕೇಳಿದಳು. ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದ ಹನುಮೇಶ.

"ಅದಕ್ಕೆ ಗೊತ್ತಾಗದಿದ್ರೆ ಬ್ಯಾಡ, ನಮಗೆ ಗೊತ್ತೈತಲ್ಲ" ಎಂದಳು ಅವಳು.

ಹೆಣಗಳಿಗೆಂದೇ ಒಂದು ಹಳೆಯ ಡಿಸ್ಕ್ ಬಂತು. ಠಾಣೆಯ ಕೆಲಸ ಮುಗಿದರೆ ಹನುಮೇಶ ಸ್ನಾನ ಮಾಡಿ, ಕೇಬಲ್ ಸಿಕ್ಕಿಸಿ, ಫೋಟೋಗಳನ್ನು ಅದಕ್ಕೆ ಹಾಕಿ, ಕ್ಯಾಮೆರಾದ ಕಾರ್ಡು ಅಳಿಸಿ, ಡಿಸ್ಕನ್ನು ಕಿತ್ತು ಗೂಡಿನಲ್ಲಿಡುತ್ತಿದ್ದ. ಮದುವೆಗಳು ಕಂಪ್ಯೂಟರಿನೊಳಗೆ ಒಂದು ಪ್ರತಿ, ಸಿ.ಡಿ.ಗಳಲ್ಲಿ ಎರಡು ಪ್ರತಿ ಕ್ಷೇಮವಾಗಿದ್ದವು.

(ಇಲ್ಲಿ ಮೈಲಿಗೆಯ ಬಗ್ಗೆ ಒಂದು ಪುಟ ಬರೆದಿದ್ದೆ. ಹರಿದೆ. ಅದರಲ್ಲಿ ಜನರಿರಲಿಲ್ಲ, ನನ್ನ ಜಾಣತನವಷ್ಟೇ ಇತ್ತು.)

೨

ಡಿಸ್ಕ್ ಬಿದ್ದ ಮಾರನೆಯ ದಿನ ಗುಡ್ಡಪ್ಪ ಬಂದ. ಜವನಗೊಂಡನಹಳ್ಳಿಯ ಕುರಿಗಾರ. ತಿಂಗಳಿಂದ ಕುರಿ ಹೊಡೆದುಕೊಂಡು ಮತ್ತೋಡಿನ ಕಡೆಯ ಹೊಲಗಳಲ್ಲಿದ್ದವನು. ಮಗಳು ದೇವಿಕಾ ಅಪ್ಪನಿಗೆ ರಾಗಿಹಿಟ್ಟು ಕೊಟ್ಟು ನಾಲ್ಕು ದಿನ ಇದ್ದು ಬರುತ್ತೇನೆಂದು ಮನೆಯಿಂದ ಹೊರಟಿದ್ದಳು. ಅವಳು ಕುರಿಮಂದೆಯಲ್ಲಿದ್ದಾಳೆ ಎಂದು ತಾಯಿ ಗಿರಿಯಮ್ಮ ತಿಳಿದಿದ್ದಳು. ಮನೆಯಲ್ಲಿದ್ದಾಳೆ ಎಂದು ಗುಡ್ಡಪ್ಪ ತಿಳಿದಿದ್ದ. ಗುಡ್ಡಪ್ಪ ಮನೆಗೆ ಬರುವವರೆಗೆ, ಇಪ್ಪತ್ತೆರಡು ದಿನ ಅವಳನ್ನು ಯಾರೂ ಹುಡುಕಲಿಲ್ಲ.

ಆ ನಡುವೆ ಹಿರಿಯೂರಿನ ಹೊರಗಿನ ಹಾಳುಬಾವಿಯಲ್ಲಿ ಒಂದು ಹುಡುಗಿಯ ಹೆಣ ಸಿಕ್ಕಿತ್ತು. ಮೂರು ದಿನ ಕಾದರೂ ಯಾರೂ ಬರದಿದ್ದಾಗ ಮಣ್ಣು ಮಾಡಿದ್ದರು. ಠಾಣೆಯ ಕಾಗದದಲ್ಲಿ ಉಳಿದದ್ದು ಇಷ್ಟು: ಹದಿನೆಂಟು ಇಪ್ಪತ್ತರ ವಯಸ್ಸು, ಹಸಿರು ಚೂಡಿದಾರ. ದೇವಿಕಾ ಹೊರಟದ್ದೂ ಹಸಿರು ಚೂಡಿದಾರದಲ್ಲೇ. ಆದರೆ ಆ ವರ್ಷ ಅರ್ಧ ತಾಲ್ಲೂಕಿನ ಹುಡುಗಿಯರ ಮೈಮೇಲೆ ಅದೇ ಬಟ್ಟೆ ಇತ್ತು. ಫೋಟೋಗಳ ಸಿ.ಡಿ. ಕೊಡು ಎಂದು ಠಾಣೆಯವರು ಎರಡು ಸಲ ಹೇಳಿಕಳಿಸಿದ್ದರು. ಮದುವೆ ಆಲ್ಬಮ್ಮುಗಳ ನಡುವೆ ಹನುಮೇಶ ನಾಳೆ, ನಾಳೆ ಎನ್ನುತ್ತಲೇ ಇದ್ದ.

ಗುಡ್ಡಪ್ಪ ಜೇಬಿನಿಂದ ಮಗಳ ಹಾಲ್ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟ.

"ಫೋಟೋ ತೆಗ್ದೋರು ನೀವೇ ಅಂತಲ್ರಿ. ಹಿಂಗಿದ್ಲಾ?"

ಹನುಮೇಶ ಅವಳ ಮುಖ ನೋಡಿರಲಿಲ್ಲ. ಯಾವ ಹೆಣದ ಮುಖವನ್ನೂ ಅವನು ನೋಡಿದವನಲ್ಲ. ಕ್ಯಾಮೆರಾವನ್ನು ಎದೆಮಟ್ಟಕ್ಕೆ ಹಿಡಿದು, ಕತ್ತು ಪಕ್ಕಕ್ಕೆ ತಿರುಗಿಸಿ, ಆರು ಸಲ ಒತ್ತಿ ಬರುವುದು ಅವನ ಪದ್ಧತಿ. ಇದೇ ಸ್ಟುಡಿಯೋ ನಡೆಸಿದ ಅಪ್ಪನಿಂದ ಕಲಿತದ್ದು. ನೋಡಿದರೆ ಕನಸಿಗೆ ಬರುತ್ತಾರೆ ಎಂದಿದ್ದ ಅಪ್ಪ.

ಎರಡು ದಿನ ಬಿಟ್ಟು ಬನ್ನಿ ಎಂದು ಹನುಮೇಶ ಗುಡ್ಡಪ್ಪನನ್ನು ಕಳಿಸಿದ. ಡಿಸ್ಕ್ ಬಿದ್ದ ಸಂಗತಿ ಹೇಳಲಿಲ್ಲ.

೩

ಮರುದಿನ ಬೆಳಿಗ್ಗೆ ಅವನು ಚಿತ್ರದುರ್ಗಕ್ಕೆ ಹೋದ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಲಕ್ಷ್ಮೀಕಾಂತ್ ಡಿಸ್ಕನ್ನು ಕಿವಿಗೆ ಹಿಡಿದು ಕರೆಂಟು ಕೊಟ್ಟ. ಟಕ್, ಟಕ್, ಟಕ್. ತಕ್ಷಣ ಆರಿಸಿದ. ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತದೆ, ಈಗ ಮುಳ್ಳು ಮುರಿದು ತಟ್ಟೆಯನ್ನೇ ಕೆರೆಯುತ್ತಿದೆ ಎಂದು ವಿವರಿಸಿದ. ಮನೆಯಲ್ಲಿ ಎಷ್ಟು ಸಲ ಹಾಕಿ ನೋಡಿದಿರಿ ಎಂದು ಕೇಳಿದ.

ಹನ್ನೊಂದು ಸಲ, ಎಂದ ಹನುಮೇಶ.

"ಹನ್ನೊಂದು ಸಲಾನೂ ಒಂದೊಂದ್ ಚೂರು ಹೋಗೈತೆ ಅಂದ್ಕಳ್ರಿ."

ಬೆಂಗಳೂರಿನಲ್ಲಿ ಇಂಥ ಡಿಸ್ಕ್ ಸರಿಮಾಡುವ ಒಬ್ಬರಿಗೆ ಫೋನು ಮಾಡಿದರೆ, ತಟ್ಟೆ ಗೀರಿದ್ದರೆ ಕಳಿಸಲೇಬೇಡಿ ಎಂದರು. ಲಕ್ಷ್ಮೀಕಾಂತ್ ಅದೇ ಕಂಪನಿಯ ಇನ್ನೊಂದು ಡಿಸ್ಕ್ ಹುಡುಕಿ ತಂದ. ಮೀನು ಸಾಕುವ ಗಾಜಿನ ತೊಟ್ಟಿಯನ್ನು ಬೋರಲು ಹಾಕಿ, ಧೂಳು ತಾಗದಂತೆ ಅದರಡಿ ಕೈ ತೂರಿಸಿ, ಒಂದರ ಮುಳ್ಳನ್ನು ಇನ್ನೊಂದಕ್ಕೆ ಕೂರಿಸತೊಡಗಿದ. ಇದು ಸಂಜೆಯೊಳಗೆ ಆಗುವ ಕೆಲಸವಲ್ಲ ಎಂದ.

೪, ಅಥವಾ ನಾನು ಕೈಬಿಟ್ಟ ಎರಡು ಕೊನೆಗಳು

ಮೊದಲನೆಯದು: ಫೋಟೋ ಪೂರ್ತಿ ಬರುತ್ತದೆ, ಅವಳು ದೇವಿಕಾ ಅಲ್ಲ. ಗುಡ್ಡಪ್ಪ ನಗುತ್ತಾನೆ. ಇದನ್ನು ಬರೆದೆ, ಓದಿದೆ, ಹೇಸಿಗೆಯಾಯಿತು. ಬಾವಿಯಲ್ಲಿದ್ದವಳು ಆಗಲೂ ಯಾರದೋ ಮಗಳೇ.

ಎರಡನೆಯದು: ಅವಳು ದೇವಿಕಾ. ಇದನ್ನು ಬರೆಯಲು ಹೋದಾಗ ಹನುಮೇಶನೇ ನನ್ನ ಮೇಲೆ ಏರಿಬಂದ.

"ಮುಖ ತಂದ್ಕೊಡೋದು ನಿಮಗೇನ್ ಕಷ್ಟ್ರಿ? ಒಂದು ಮೂಗು, ಎರಡು ಕಣ್ಣು. ಬರ್ದ್ರೆ ಆಯ್ತು. ಆ ಲಕ್ಷ್ಮೀಕಾಂತ ನೋಡ್ರಿ, ಎರಡು ದಿನದಿಂದ ಉಸಿರು ಹಿಡ್ಕಂಡು ಕುಂತವ್ನೆ."

ಬರೆಯಬಹುದು, ಎಂದೆ. ಆದರೆ ನಾನು ಬರೆದ ಮೂಗು ನನ್ನದಾಗಿರುತ್ತದೆ. ಗುಡ್ಡಪ್ಪ ಹುಡುಕುವುದು ತನ್ನ ಮಗಳ ಮೂಗನ್ನು. ಅವಳನ್ನು ನಾನೂ ನೋಡಿಲ್ಲ.

"ಹಂಗಾರೆ ನೀವೂ ನನ್ನಂಗೇ" ಎಂದ ಹನುಮೇಶ.

ನಾನು ಮುಂದಿನ ಅಂಕಿಗೆ ಹೋದೆ.

೫

ಗುಡ್ಡಪ್ಪ ಹೇಳಿದ ದಿನಕ್ಕೇ ಬಂದ. ಇಲ್ಲದ ನೆಪ ಹುಡುಕಲು ಹನುಮೇಶನಿಗೆ ಆಗಲಿಲ್ಲ. ಎಲ್ಲ ಹೇಳಿದ, ಪೊರಕೆಯದನ್ನೂ ಸೇರಿಸಿ. ಗುಡ್ಡಪ್ಪ ಬೈಯಲಿಲ್ಲ. ಗಿರಿಯಮ್ಮ ಅನ್ನ ಬಿಟ್ಟಿದ್ದಾಳೆ, ಅಳುತ್ತಲೂ ಇಲ್ಲ ಎಂದಷ್ಟೇ ಹೇಳಿದ. ಮಗಳು ಸತ್ತಿದ್ದರೆ ಅಳಬಹುದು, ಬದುಕಿದ್ದರೆ ಉಣ್ಣಬಹುದು, ಅವಳು ಎರಡೂ ಮಾಡದೆ ಕೂತಿದ್ದಾಳೆ ಎಂದ. ಇಬ್ಬರೂ ಬಸ್ಸು ಹತ್ತಿ ದುರ್ಗಕ್ಕೆ ಹೋದರು.

ಲಕ್ಷ್ಮೀಕಾಂತ್ ಪರದೆಯನ್ನು ಇವರತ್ತ ತಿರುಗಿಸಿದ. ಆರು ಫೋಟೋಗಳಲ್ಲಿ ಒಂದು ಸಿಕ್ಕಿತ್ತು, ಅದರಲ್ಲೂ ಮೇಲಿನ ಕಾಲುಭಾಗ. ಬಾವಿಯ ಕಟ್ಟೆ. ಹಗ್ಗದ ತುದಿ. ಕಲ್ಲಿನ ಮೇಲೆ ಹರಡಿದ ನೀರು. ಒದ್ದೆ ಕೂದಲು, ಬೈತಲೆ, ಬಿಗಿಯಾಗಿ ಹೆಣೆದ ಜಡೆಯ ಬುಡ. ಹಣೆ ಶುರುವಾಗುವಲ್ಲಿಂದ ಕೆಳಗೆ ಪೂರ್ತಿ ಬೂದು.

ಹನುಮೇಶ ಈ ಸಲ ಕತ್ತು ತಿರುಗಿಸಲಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಗುಡ್ಡಪ್ಪ ಬಹಳ ಹೊತ್ತು ನೋಡಿದ.

"ಅಲ್ಲ" ಎಂದ.

ಇನ್ನೊಂದು ಸಲ ಓಡಿಸಿ ನೋಡಬಹುದು, ಹಣೆಯ ಕೆಳಗೂ ಬರಬಹುದು, ಅಥವಾ ಇರುವುದೂ ಹೋಗಬಹುದು ಎಂದು ಲಕ್ಷ್ಮೀಕಾಂತ್ ಮೆಲ್ಲಗೆ ಹೇಳಿದ. ಗುಡ್ಡಪ್ಪ ಬೇಡವೆಂದು ಕೈಯಾಡಿಸಿದ.

"ಇಷ್ಟುನ್ನೇ ಒಂದು ಫೋಟೋ ಮಾಡ್ಕೊಡ್ರಿ."

ಅಲ್ಲ ಎಂದಿರಲ್ಲ, ಎಂದ ಹನುಮೇಶ.

"ಅಲ್ಲ. ಹೊಂಟ ದಿನ ತಲೆ ಬಾಚಿ ಜಡೆ ಹಾಕಿದ್ದು ಅವ್ಳವ್ವ. ಅವ್ಳೂ ಒಂದ್ಸಲ ನೋಡ್ಲಿ."

ಪ್ರಿಂಟು ಬಂತು. ಅದನ್ನು ಹಾಲ್ ಟಿಕೆಟಿನ ಜೊತೆಗೇ ಮಡಚದೆ ಅಂಗಿಯೊಳಗೆ ಇಟ್ಟುಕೊಂಡು ಗುಡ್ಡಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದ. ತಾನೂ ಬರುತ್ತೇನೆಂದು ಹನುಮೇಶ ಹಿಂದೆಯೇ ಹೋದ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ನಾನೂ ಬರುತ್ತೇನೋ ಎಂದು ತಿರುಗಿ ನೋಡಿದ.

ನಾನು ಆ ಬಸ್ಸು ಹತ್ತುವುದಿಲ್ಲ. ಹತ್ತಿದರೆ ಜವನಗೊಂಡನಹಳ್ಳಿಯಲ್ಲಿ ಇಳಿಯಬೇಕು, ಗಿರಿಯಮ್ಮನ ಕೈಗೆ ಆ ಕಾಗದ ಹೋಗುವುದನ್ನು ನೋಡಬೇಕು, ನೋಡಿದ್ದನ್ನು ನಿಮಗೆ ಹೇಳಬೇಕು. ನಿಮಗೆ ಬೇಕೇಬೇಕಿದ್ದರೆ ನೀವು ಹೋಗಿ, ಸೀಟು ಖಾಲಿ ಇದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಾಳೆ, ದೂರದಿಂದಲೇ ಕಾಣುತ್ತಾಳೆ. ಏನನ್ನೂ ಕೇಳಬೇಡಿ. ಅವಳು ಜಡೆಯನ್ನು ನೋಡಲಿ.