ಗದ್ದಿಗೆಯ ಮುಂದಿನ ನೀರು

"ಸತ್ತೋರು ಯಾರು ಅಂತ ಹೇಳ್ದೆ ಗದ್ದಿಗೆ ಕಟ್ಟಬಾರ್ದು ಕಣೇ," ಎಂದಳು ತೊಮಾಸಾ, ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳ ಸಂದಿಯಿಂದಲೇ. "ಖಾಲಿ ಗದ್ದಿಗೆ ಸುಮ್ನೆ ಇರಲ್ಲ. ಯಾರನ್ನಾದ್ರೂ ಕರ್ಕೊಂಡ್ಬಿಡುತ್ತೆ. ಸಂಜೆ ಪ್ರದರ್ಶನ ನೋಡ್ತಾ ವೈನ್ ಕುಡಿಯೋಕೆ ಬರ್ತಾರಲ್ಲ, ಅವರಲ್ಲೇ ಒಬ್ಬರನ್ನ."

ಬೆತ್ಸಾಬೆ ಸ್ಟೂಲಿನ ಮೇಲೆ ನಿಂತು ಗದ್ದಿಗೆಗೆಂದು ಗೋಡೆಗೆ ಬಿಗಿದ ಬಿಳಿ ಬಟ್ಟೆಯ ನಟ್ಟನಡುವೆ ಸಾವಿನ ಗುರುತಾದ ಕಪ್ಪು ಬಟ್ಟೆಯ ಚಿಟ್ಟೆಯನ್ನು ಕೂರಿಸುತ್ತಿದ್ದಳು.

"ಯಾರೂ ಸತ್ತಿಲ್ಲ ತೊಮಾಸಾ ಅತ್ತೆ," ಎಂದು ಯಹೈರಾ ನಕ್ಕಳು. ಪ್ರದರ್ಶನ ಕಟ್ಟುತ್ತಿದ್ದವಳು ಅವಳೇ. ಇದೇ ಕಿಬ್ದೋದಲ್ಲಿ ಹುಟ್ಟಿ, ರಾಜಧಾನಿ ಬೊಗೋಟಾದಲ್ಲಿ ಓದಿ, ಕಪ್ಪು ಜನರ ಕಲೆಯನ್ನು ಕಪ್ಪು ಜನರ ಊರಲ್ಲೇ ತೋರಿಸಬೇಕೆಂದು ಹಟ ಹಿಡಿದು ವಾಪಸು ಬಂದವಳು. "ಇದು ನಮ್ಮ ಹಿರೀಕರ ನೆನಪಿಗೆ. ಎಲ್ಲರಿಗೂ ಸೇರಿ ಒಂದು ಗದ್ದಿಗೆ ಅಂದ್ಕೊಳ್ಳಿ."

"ಎಲ್ಲರಿಗೂ ಸೇರಿ ಒಂದೇ ಲೋಟ ನೀರಾ? ಜಗಳ ಬೀಳ್ತಾರೆ ತಾಯಿ. ನಮ್ಮಪ್ಪ ಒಬ್ಬ ಬಂದ್ರೆ ಸಾಕು, ಲೋಟಾನೂ ಉಳಿಸಲ್ಲ."

ಬೆತ್ಸಾಬೆ ಸ್ಟೂಲಿನಿಂದ ಇಳಿದಳು. ಹಳೆಯ ಶಾಲೆಯ ಉದ್ದನೆಯ ಕೋಣೆ ಅದು. ಎದುರು ಗೋಡೆಯ ತುಂಬ ಹೆಂಗಸರ ಫೋಟೋಗಳು, ಎಲ್ಲವೂ ಬೆನ್ನ ಕಡೆಯಿಂದ ತೆಗೆದವು. ಮುಖವಿಲ್ಲ, ಬರೀ ಜಡೆಗಳು. ಮಧ್ಯದಲ್ಲಿ ಮರದ ದೋಣಿಯೊಂದನ್ನು ಉದ್ದಕ್ಕೆ ಸೀಳಿ ಚಾವಣಿಯಿಂದ ಇಳಿಬಿಟ್ಟಿದ್ದರು. ಅದನ್ನು ಮಾಡಿದ ಹುಡುಗ ಅದರ ತಳಕ್ಕೆ ಕನ್ನಡಿ ಚೂರು ಅಂಟಿಸಿದ್ದ. ಬೆತ್ಸಾಬೆ ಆ ದೋಣಿಯ ಕಡೆ ಎರಡನೆಯ ಸಲ ನೋಡಲಿಲ್ಲ.

ಆರು ವರ್ಷದ ಹಿಂದೆ ಅವಳ ಮಗ ಎಲ್ಕಿನ್ ಹಲಗೆ ತುಂಬಿದ ದೋಣಿಯಲ್ಲಿ ಹೊಳೆಗುಂಟ ಇಳಿದು ಹೋದ. ಬಂದೂಕಿನವರು ತಡೆದರಂತೆ. ದೋಣಿ ಸಿಕ್ಕಿತು, ಯಾರೋ ದಂಡೆಯ ಮರದ ಬೇರಿಗೆ ಜೋಪಾನವಾಗಿ ಕಟ್ಟಿಟ್ಟಿದ್ದರು. ಹಲಗೆಗಳೂ ಇದ್ದವು. ಅವನು ಇರಲಿಲ್ಲ. ಹೆಣವೂ ಸಿಗಲಿಲ್ಲ. ಒಂಬತ್ತು ದಿನದ ಗದ್ದಿಗೆ ಇಡು, ಹಾಡು ಹೇಳಿ ಕಳಿಸಿಬಿಡೋಣ ಎಂದು ಊರವರು ಹೇಳಿದರು. ಅವಳು ಒಪ್ಪಲಿಲ್ಲ. ಬದುಕಿರುವವನಿಗೆ ಗದ್ದಿಗೆ ಕಟ್ಟಿದರೆ ಹೆತ್ತ ಕೈಯಲ್ಲೇ ಕೊಂದ ಹಾಗೆ. ಸತ್ತವನಿಗೆ ಕಟ್ಟದಿದ್ದರೆ ಅವನು ದಾರಿ ಕಾಣದೆ ಹೊಳೆಯ ದಂಡೆಯಲ್ಲೇ ಅಲೆಯುತ್ತಿರುತ್ತಾನೆ. ಎರಡರ ನಡುವೆ ಅವಳು ಬಾಳೆಕಾಯಿ ಬೇಯಿಸಿದಳು, ಮೀನು ಒಣಗಿಸಿದಳು, ಬೇರೆಯವರ ಮನೆಯ ಸಾವಿಗೆ ಹೋಗಿ ಹಾಡಿದಳು. ಅಳು ಬರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದಾಗ ಅಡಿಗೆ ಸಿಕ್ಕ ಕೈಯಂತೆ ಒಳಗೆಲ್ಲ ಜೋಮು ಹಿಡಿದಿತ್ತು.

ಯಹೈರಾ ಬಂದು, ಪ್ರದರ್ಶನದ ಕೋಣೆಯಲ್ಲಿ ಗದ್ದಿಗೆ ಕಟ್ಟಿಕೊಡಿ ಅತ್ತೆ, ಬರೀ ನೋಡೋದಕ್ಕೆ, ಎಂದಾಗ ತಕ್ಷಣ ಹೂಂ ಅಂದದ್ದು ಅದಕ್ಕೇ. ಇಲ್ಲಿ ಯಾರ ಹೆಸರನ್ನೂ ಕೂಗಬೇಕಿಲ್ಲ. ಕಟ್ಟಿಯೂ ಕಟ್ಟದಂತೆ. ಆದರೆ ಗದ್ದಿಗೆಯ ಮುಂದೆ ನೀರು ಇಡುತ್ತಾರೆ. ಸತ್ತವನಾದರೆ ಬಂದು ಕುಡಿಯುತ್ತಾನೆ, ನೀರು ಇಳಿಯುತ್ತದೆ. ಬದುಕಿದ್ದರೆ ಇಳಿಯುವುದಿಲ್ಲ.

ತೊಮಾಸಾ ಮೇಣದಬತ್ತಿ ತರಲು ಹೋದಾಗ ಬೆತ್ಸಾಬೆ ಚೀಲದಿಂದ ಒಂದು ಅಂಗಿ ತೆಗೆದು ಬಿಳಿ ಬಟ್ಟೆಯ ಹಿಂದೆ ಸಿಕ್ಕಿಸಿದಳು. ಲೋಟಕ್ಕೆ ನೀರು ಹೊಯ್ದು, ನೀರು ನಿಂತ ಮಟ್ಟಕ್ಕೆ ಹೊರಗಿನಿಂದ ನೀಲಿ ದಾರವೊಂದನ್ನು ಬಿಗಿದು ಕಟ್ಟಿದಳು.

ಸಂಜೆ ಗೋಡೆಯ ಮೇಲೆ ಅವಳ ಹೆಸರಿನ ಚೀಟಿ ಬಂತು. ಅದರಡಿಯಲ್ಲಿ ಬರೆದಿತ್ತು: ಬಟ್ಟೆ, ಮೇಣ, ನೀರು.

ಮರುದಿನದಿಂದ ಅವಳು ತೊಮಾಸಾಳ ಮನೆಯಲ್ಲಿ ಉಳಿದು, ಪ್ರದರ್ಶನ ತೆರೆಯುವ ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಮೊದಲು ಲೋಟ ನೋಡುತ್ತಿದ್ದಳು. ನೀರು ದಾರಕ್ಕೆ ಸರಿಯಾಗಿ ನಿಂತಿರುತ್ತಿತ್ತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಮ್ಮೆ ತನಗೆ ತಿಳಿಯದೆ ಎರಡು ಪಾಲು ಊಟ ಕಟ್ಟಿಕೊಂಡು ಬಂದಿದ್ದಳು; ಎರಡನೆಯದನ್ನು ಕಾವಲಿನ ಮುದುಕ ನೆಮೆಸಿಯೋಗೆ ಕೊಟ್ಟಳು.

ಜನ ಬಂದರು, ಹೋದರು. ಬೊಗೋಟಾದ ಹೆಂಗಸೊಬ್ಬಳು ಗದ್ದಿಗೆಯ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಇವಳಿಗೆ ಯಾರು ಹೋದರೋ ಎಂದುಕೊಂಡು ಬೆತ್ಸಾಬೆ ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಒಂಬತ್ತನೆಯ ದಿನ ತೊಮಾಸಾ ಬೆಳಗಾಗುವಷ್ಟರಲ್ಲೇ ಕಪ್ಪು ಬಟ್ಟೆ ಉಟ್ಟು, ತಲೆಗೆ ವಸ್ತ್ರ ಬಿಗಿದು ನಿಂತಿದ್ದಳು. ಜೊತೆಗೆ ಹಾಡುವ ಹೆಂಗಸರಿಬ್ಬರು.

"ಇದೇನೇ ವೇಷ?"

"ನನ್ನ ಕಣ್ಣೇನು ಮಂಜಾಗಿಲ್ಲ ಬೆತ್ಸಾಬೆ. ಮೇಣದಬತ್ತಿ ಇಡೋವಾಗ ಬಟ್ಟೆ ಹಿಂದೆ ತೋಳು ಕಂಡೆ. ಆ ಅಂಗೀನ ನಿನ್ನ ಮಗನಿಗೆ ನಾನೇ ಹೊಲಿದದ್ದು. ಏಳು, ಒಂಬತ್ತು ದಿನ ಆಯ್ತು, ಇವತ್ತು ಗದ್ದಿಗೆ ಎತ್ತಿ ಅವನನ್ನ ಕಳಿಸ್ಬೇಕು."

"ಎತ್ತೋದೇನಿದೆ? ಅವನು ಕುಡಿದಿಲ್ಲ."

"ಏನು?"

"ನೀರು ಇಳಿದಿಲ್ಲ. ದಿನಾ ನೋಡಿದೀನಿ. ಒಂದು ಹನಿ ಇಳಿದಿಲ್ಲ." ಬೆತ್ಸಾಬೆಯ ದನಿ ಸಂತೆಯಲ್ಲಿ ಮೀನಿನ ದರ ಹೇಳುವಷ್ಟು ಸಪಾಟಾಗಿತ್ತು. "ಬಂದು ನೀನೇ ನೋಡು ಬೇಕಾದ್ರೆ."

ಹೀಗಾಗಿ ಅವತ್ತು ಅವರು ಪ್ರದರ್ಶನ ತೆರೆಯುವ ಮೊದಲೇ ಬಂದರು. ಯಹೈರಾ ಒಳಗಿದ್ದಳು, ಬಾಗಿಲನ್ನು ಅರ್ಧ ತೆರೆದು ಅವರನ್ನು ಒಳಕ್ಕೆ ಬಿಟ್ಟಳು. ಕೋಣೆಯ ಆ ತುದಿಯಲ್ಲಿ ನೆಮೆಸಿಯೋ ಗದ್ದಿಗೆಯ ಮುಂದೆ ಬಗ್ಗಿದ್ದ. ಕೈಯಲ್ಲಿ ಬಾಟಲಿ. ಒಂದು ಕಣ್ಣು ಮುಚ್ಚಿಕೊಂಡು, ಲೋಟದ ನೀರು ನೀಲಿ ದಾರದ ಮಟ್ಟಕ್ಕೆ ಬಂದಕೂಡಲೇ ಕೈ ಮೇಲೆತ್ತಿದ.

"ಏನ್ ಮಾಡ್ತಿದೀಯ?" ಎಂದಳು ತೊಮಾಸಾ.

"ನೀರು ತುಂಬಿಸ್ತಿದೀನಿ ಅಕ್ಕಾ." ಅವನಿಗೆ ಹೆಮ್ಮೆಯೇ ಇತ್ತು. "ಎಲ್ಲಾ ಮೊದಲನೇ ದಿನ ಇದ್ದ ಹಾಗೇ ಇರ್ಬೇಕು ಅಂದಿದ್ರು ಮೇಡಂ. ಅಮ್ಮಾವ್ರು ಗುರುತಿಗೆ ದಾರ ಬೇರೆ ಕಟ್ಟಿದಾರಲ್ಲ, ಅನುಕೂಲ ಆಯ್ತು."

ನೆಮೆಸಿಯೋ ಒಬ್ಬೊಬ್ಬರ ಮುಖ ನೋಡಿ ಬಾಟಲಿಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ದಿನಾ ಇಳೀತಿತ್ತಾ?" ಬೆತ್ಸಾಬೆ ಕೇಳಿದಳು.

"ದಿನಾ."

"ಎಷ್ಟು?"

ಅವನು ಎರಡು ಬೆರಳು ಅಡ್ಡ ಹಿಡಿದು ತೋರಿಸಿದ.

ಯಹೈರಾಗೆ ಆಗ ಅರ್ಥವಾಯಿತು. ಬಿಳಿ ಬಟ್ಟೆಯನ್ನೂ ಬೆತ್ಸಾಬೆಯನ್ನೂ ನೋಡಿದಳು. ಹತ್ತಿರ ಬಂದು ಮೆಲ್ಲಗೆ, "ಅತ್ತೆ, ಇದು ಏಸಿ ಗಾಳಿಗೆ. ರಾತ್ರಿಯೆಲ್ಲ ಓಡತ್ತೆ. ನೀರು ತಾನಾಗೇ ಆರಿಹೋಗತ್ತೆ. ಅದಕ್ಕೇನೂ ಅರ್ಥ ಇಲ್ಲ," ಎಂದಳು.

ಬೆತ್ಸಾಬೆ ತಲೆಯೆತ್ತಿ ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆ ನೋಡಿದಳು. ಅದು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅದರ ಮಾತು ನಂಬಬಹುದಿತ್ತು. ನಂಬಿದರೆ ಊರಿಗೆ ಹೋಗಿ ಇನ್ನೂ ಆರು ವರ್ಷ ಮೀನು ಒಣಗಿಸಬಹುದಿತ್ತು.

"ಎಲ್ಕಿನ್‌ಗೆ ಚಿಕ್ಕಂದಿನಿಂದ ಬಾಯಾರಿಕೆ ಜಾಸ್ತಿ," ಎಂದಳು. "ನಿಂತ್ಕೊಂಡೇ ಕುಡಿಯೋನು. ಕೂತ್ಕೊಳೋ ಅಂದ್ರೆ ಕೇಳ್ತಿರಲಿಲ್ಲ."

ಹೆಸರು ಹೊರಗೆ ಬಿದ್ದಿತ್ತು. ಹಾಡುವ ಹೆಂಗಸರಿಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು.

"ಪ್ರದರ್ಶನ ಇನ್ನೂ ತಿಂಗಳ ಕೊನೆವರೆಗೂ..." ಎಂದು ಶುರುಮಾಡಿದ ಯಹೈರಾ ಅಲ್ಲೇ ನಿಲ್ಲಿಸಿದಳು. ಹೋಗಿ ಏಸಿ ಆರಿಸಿ ಬಂದಳು.

ತೊಮಾಸಾ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿಕೊಂಡಳು. ಉಳಿದಿಬ್ಬರೂ ಹಿಂದಿನಿಂದ ದನಿಗೂಡಿಸಿದರು.

ಹೊತ್ತು ಮೂಡಿತು ತಮ್ಮಾ, ಹೊಳೆಯು ಕಾದಿದೆ ನಿನಗೆ,
ಇಟ್ಟ ನೀರನು ಕುಡಿದೆ, ಇನ್ನು ನಡೆ.

ಒಂದೊಂದು ಸಾಲಿಗೆ ಒಂದೊಂದು ಮೇಣದಬತ್ತಿ ಆರಿಸುತ್ತ ಬಂದರು. ಬೆತ್ಸಾಬೆ ಚಿಟ್ಟೆಯನ್ನು ಬಿಚ್ಚಿದಳು. ಪಿನ್ನುಗಳನ್ನು ಕಿತ್ತು ಯಹೈರಾಳ ಅಂಗೈಗೆ ಹಾಕಿದಳು. ಬಟ್ಟೆ ಜಾರಿ, ಹಿಂದಿದ್ದ ಅಂಗಿ ಅವಳ ತೋಳಿಗೆ ಬಿತ್ತು. ಅದನ್ನು ಹಳೆಯ ಮಡಿಕೆಯ ಗೆರೆಗಳ ಮೇಲೆಯೇ ಮಡಿಸಿದಳು.

"ಬಾಗಿಲು ಪೂರಾ ತೆಗಿಯಪ್ಪ," ಎಂದಳು ತೊಮಾಸಾ, ಹಾಡಿನ ನಡುವೆಯೇ.

ಹೊರಗೆ ಬೆಳಗಿನ ಜನ ಸೇರಿದ್ದರು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಮುದುಕಿಯರು, ಕ್ಯಾಮೆರಾ ನೇತುಹಾಕಿಕೊಂಡ ಹೊರಗಿನವರಿಬ್ಬರು. ಹಾಡು ಕಿವಿಗೆ ಬಿದ್ದದ್ದೇ ಮುದುಕಿಯರು ಬುಟ್ಟಿ ಇಳಿಸಿ ಬಾಗಿಲಿನ ಎರಡೂ ಬದಿಗೆ ಸರಿದರು. ಅವರಲ್ಲೊಬ್ಬಳು ಕ್ಯಾಮೆರಾದವನ ತೋಳು ಹಿಡಿದು ಪಕ್ಕಕ್ಕೆಳೆದಳು. ಮೆಟ್ಟಿಲಿನಿಂದ ಬೀದಿಯವರೆಗೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಖಾಲಿಯಾಯಿತು.

ಕೋಣೆಯಲ್ಲಿ ಗೋಡೆ ಬರಿದಾಗಿತ್ತು, ಅವಳ ಹೆಸರಿನ ಚೀಟಿಯೊಂದು ಉಳಿದಿತ್ತು. ಬೆತ್ಸಾಬೆ ಲೋಟದಿಂದ ದಾರ ಬಿಚ್ಚಿ ಬೆರಳಿಗೆ ಸುತ್ತಿಕೊಂಡಳು. ನೀರನ್ನು ಹೊರಗೊಯ್ದು ಬೀದಿಯ ಮಣ್ಣಿಗೆ ಸುರಿದಳು. ನೆಮೆಸಿಯೋ ಟೋಪಿ ತೆಗೆದು ಗೋಡೆಗೆ ಆತು ನಿಂತಿದ್ದ, ಅರ್ಧ ತುಂಬಿದ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು.