ಏಳು ದಿನದ ಸೀನಿಯರ್

ನಾನು ಒಂದು ದಿಂಬು. ತಲೆಗಿಡುವ ದಿಂಬಲ್ಲ, ಕೂರುವ ದಿಂಬು. ಹಾಗಾಗಿ ಒಡತಿಯ ಮುಖ ನೋಡುವ ಯೋಗ ನನಗೆ ಕಡಿಮೆ. ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯುವ ದಾವಲಸಾಬ ನದಾಫರ ಅಂಗಡಿಯಲ್ಲಿ ಹುಟ್ಟಿದೆ. ಅವರ ಮಗಳು ಶಮೀನಾ ಪೈಲಟ್ ತರಬೇತಿಗೆ ಸೇರಿದ ವಾರವೇ ಅಳುತ್ತಾ ಫೋನ್ ಮಾಡಿದ್ದಳು. ಸೀಟಿನಲ್ಲಿ ಕೂತರೆ ಬರೀ ಆಕಾಶ ಕಾಣುತ್ತದಂತೆ, ರನ್‌ವೇ ಕಾಣುವುದೇ ಇಲ್ಲವಂತೆ!

"ಎತ್ತರ ನಾಕ್ ಬೆರಳ ಕಡಿಮಿ ಬಿದ್ರ ಏನಾತವಾ? ದೇವರು ಬಿಟ್ಟದ್ದನ್ನ ಅಪ್ಪ ತುಂಬತಾನ," ಎಂದರು ದಾವಲಸಾಬ. ಒಳ್ಳೆಯ ಹತ್ತಿ ಹಿಂಜಿ, ಗಟ್ಟಿಯಾಗಿ ತುಂಬಿ, ನೀಲಿ ಬಟ್ಟೆ ಹೊಲಿದು ನನ್ನನ್ನು ಕೊರಿಯರ್ ಮಾಡಿದರು.

ಆಮೇಲೆ ಹನ್ನೊಂದು ವರ್ಷ ನಾನು ಹಾರಿದ್ದೇ ಹಾರಿದ್ದು. ಶಮೀನಾ ಸೇರಿದ ಸಣ್ಣ ಕಂಪನಿಗೆ ಇದ್ದದ್ದು ಮೂರೇ ಮೂರು ಹಳೆಯ ಪಂಖದ ವಿಮಾನ. ಎಡಗಡೆ ಸೀಟು ಕ್ಯಾಪ್ಟನ್ ಪೂವಯ್ಯನವರದು, ಬಲಗಡೆಯದು ನಮ್ಮದು. ಅಡ್ಡಗಾಳಿಯಲ್ಲಿ ಇಳಿಯುವಾಗ ಅವಳು ಮೈ ಬಿಗಿಹಿಡಿದರೆ ಅವರು, "ಉಸಿರು ಬಿಡಮ್ಮಾ, ಅದಕ್ಕೇನೂ ಟಿಕೆಟ್ ಇಲ್ಲ," ಎನ್ನುತ್ತಿದ್ದರು. ಅವಳು ನಕ್ಕರೆ ನನಗೂ ಜೀವ ಬರುತ್ತಿತ್ತು.

ಆದರೆ ಕಂಪನಿಯ ಗತಿ ನೆಟ್ಟಗಿರಲಿಲ್ಲ. ಬಿಡಿಭಾಗ ಸಿಗದೆ ಎರಡು ವಿಮಾನ ಶೆಡ್ ಸೇರಿದವು. ಇವತ್ತು ಮುಚ್ಚುತ್ತೆ, ನಾಳೆ ಮುಚ್ಚುತ್ತೆ ಎಂಬ ಗುಸುಗುಸು. ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ಶಮೀನಾಳನ್ನು ಕರೆಯಿತು. ಶುಕ್ರವಾರ ಸಂಜೆಯೊಳಗೆ ಹೂಂ ಅನ್ನಬೇಕು. ಇಲ್ಲಿದ್ದರೆ ಎರಡೇ ತಿಂಗಳಲ್ಲಿ ಕ್ಯಾಪ್ಟನ್. ಅಲ್ಲಿ ಎಷ್ಟೇ ಅನುಭವವಿದ್ದರೂ ಮತ್ತೆ ಬಲಗಡೆ ಸೀಟು, ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು. ವಿಮಾನ ಕಂಪನಿಗಳಲ್ಲಿ ಸೇರಿದ ದಿನಾಂಕವೇ ಹಿರಿತನ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳು. "ಕೈ ಹಿಡದು ಕಲಿಸಿದವರನ್ನ ಮುಳುಗೋ ದೋಣ್ಯಾಗ ಬಿಟ್ಟು ಹೆಂಗ ಹೋಗ್ಲಿ ಅಪ್ಪಾ?" ಎಂದು ಫೋನಿನಲ್ಲಿ ಗೋಳಾಡಿದಳು.

"ಹೋಗು, ಇಲ್ಲಾ ಬಿಡು. ಹೋದ್ರ ಮಾತ್ರ ಅವರಿಗೆ ಮುಖಾಮುಖಿ ಹೇಳಿ ಹೋಗು. ಕದ್ದು ಹೋಗಬ್ಯಾಡ," ಎಂದರು ದಾವಲಸಾಬ.

ಮುಚ್ಚುಮರೆ ಯಾಕೆ, ಅವಳು ಹೋಗದಿರಲಿ ಎಂದೇ ನಾನು ಹರಕೆ ಹೊತ್ತಿದ್ದೆ. ಆ ದೊಡ್ಡ ವಿಮಾನದ ಸೀಟು ಗುಂಡಿ ಒತ್ತಿದರೆ ಬೇಕಾದಷ್ಟು ಎತ್ತರಕ್ಕೆ ಏಳುತ್ತದಂತೆ. ಅಲ್ಲಿ ನನಗೇನು ಕೆಲಸ?

ಶುಕ್ರವಾರ ಮಧ್ಯಾಹ್ನ ಇಳಿದೆವು. ಪ್ರಯಾಣಿಕರೆಲ್ಲ ಹೋದರು. ಶಮೀನಾ ಮಾತ್ರ ನನ್ನ ಮೇಲಿಂದ ಏಳಲಿಲ್ಲ.

"ಸರ್, ನಾನು ಈ ಕಂಪನಿ ಬಿಡಬೇಕು ಅಂತ..." ಎಂದು ತೊದಲುತ್ತಾ ಆ ಕಂಪನಿಯ ಹೆಸರು ಹೇಳಿದಳು.

ಪೂವಯ್ಯ ಜೇಬಿನಿಂದ ಒಂದು ಕಾಗದ ತೆಗೆದರು. ಮಡಿಸಿ ಮಡಿಸಿ ಅಂಚು ಸವೆದಿತ್ತು. ಅದೇ ಕಂಪನಿಯ ಪತ್ರ!

"ನಿನ್ನನ್ನ ಒಬ್ಬಳೇ ಬಿಟ್ಟು ಹೋಗೋದು ಹೇಗೆ ಅಂತ ಸೇರೋ ದಿನಾಂಕ ಎರಡು ಸಲ ಮುಂದೆ ಹಾಕಿಸಿದೆ ಕಣಮ್ಮಾ. ಈಗ ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ಬಂದು ನಿಂತಿದೆ. ನಿನ್ನದು ಯಾವತ್ತು?"

"ಅದೇ ತಿಂಗಳು, ಹದಿನೈದಕ್ರಿ ಸರ್."

"ಅಯ್ಯಯ್ಯೋ! ಹಾಗಾದ್ರೆ ನೀನು ನನಗಿಂತ ಏಳು ದಿನ ಸೀನಿಯರ್!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕುಲುಕಾಟಕ್ಕೆ ನನ್ನ ಒಂದು ಕಡೆಯ ಹೊಲಿಗೆಯೇ ಬಿಚ್ಚಿತು. ಅಲ್ಲೇ ಕೂತು ಶಮೀನಾ ಹೂಂ ಎಂದು ಉತ್ತರ ಕಳಿಸಿದಳು.

ಈಗ ನಾನು ದಾವಲಸಾಬರ ಮನೆಯ ಮರದ ಕುರ್ಚಿಯ ಮೇಲಿದ್ದೇನೆ. ಮೊದಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಈಗ ನೆಮ್ಮದಿಯಾಗಿದ್ದೇನೆ.

ಹೋದ ವಾರ ಶಮೀನಾಳ ಜೊತೆ ಪೂವಯ್ಯ ಊಟಕ್ಕೆ ಬಂದಿದ್ದರು. ದಾವಲಸಾಬ ನನ್ನನ್ನು ತಟ್ಟಿ, "ಕೂಡ್ರಿ ಸಾಹೇಬ್ರ," ಎಂದರು.

"ಸೀನಿಯರ್ ನಿಂತಿರುವಾಗ ನಾನು ಕೂರೋದುಂಟೇ?" ಎಂದು ಪೂವಯ್ಯ ಕೈಕಟ್ಟಿ ನಿಂತರು.

"ಏಳು ದಿನಕ್ಕ ಇಷ್ಟು ಮರ್ಯಾದಿ ಏನ್ರೀ?"

"ಆ ಏಳು ದಿನ ಕೊಟ್ಟವನು ನಾನೇ ಅಲ್ವಾ ಸಾಬ್ರೇ, ಅದಕ್ಕೇ ಇಷ್ಟು ಖುಷಿ."

ಶಮೀನಾ ಬಂದು ನನ್ನ ಮೇಲೆ ಕೂತಳು. ಕಣ್ಣೊರೆಸಿಕೊಂಡಳೋ ಏನೋ, ನನಗೆ ಕಾಣಲಿಲ್ಲ. ಖುಷಿಯಲ್ಲಿದ್ದಾಳೆ ಎಂಬುದು ಮಾತ್ರ ಅವಳು ಕೂತ ರೀತಿಯಲ್ಲೇ ಗೊತ್ತಾಯಿತು.